ಏಳು ಮಂತ್ರಿಗಳು ಕಾಣೆಯಾದದ್ದು

ನನ್ನ ಅಕ್ಕನ ಎರಡನೆಯ ಗಂಡ ಗೋಡೆಗೆ ಬಣ್ಣ ಬಳಿಯುವವರು. ಮೊದಲನೆಯ ಗಂಡ ಹಲ್ಲಿನ ಸೆಟ್ಟು ಮಾಡುವವನು. ಒಬ್ಬರಿಗೆ ಬಹುವಚನ, ಇನ್ನೊಬ್ಬನಿಗೆ ಏಕವಚನ ಬಂದದ್ದು ಕೈತಪ್ಪಿ ಅಲ್ಲ. ನನ್ನ ಪಕ್ಷಪಾತ ಮೊದಲೇ ಗೊತ್ತಾಗಿಬಿಡಲಿ ಎಂದು ಹಾಗೇ ಬಿಟ್ಟಿದ್ದೇನೆ. ಹಾಗೆಂದು ಹೊಸ ಭಾವನನ್ನು ನಾವು ಮೊದಲ ದಿನದಿಂದಲೇ ತಲೆಯ ಮೇಲೆ ಹೊತ್ತು ಮೆರೆಸಿದೆವು ಎಂದಲ್ಲ. ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡ ಮನೆ ನಮ್ಮದು, ಮಜ್ಜಿಗೆಯನ್ನೂ ಊದುತ್ತಿದ್ದೆವು.

ಭಾವನ ಕಥೆ ದೊಡ್ಡದೇನಲ್ಲ. ಮೀಸೆ ಮೂಡುವ ಮೊದಲೇ ಚಿಕ್ಕಪ್ಪನ ಹಿಂದೆ ಏಣಿ ಹತ್ತಿದವರು, ಆಮೇಲೆ ಇಳಿದದ್ದು ಊಟಕ್ಕೆ ಮಾತ್ರ. ಶಾಲೆ, ಬ್ಯಾಂಕು, ಗೋದಾಮು, ಯಾರು ಯಾರದೋ ಮಲಗುವ ಕೋಣೆ, ಹೀಗೆ ಊರಿನ ಅರ್ಧ ಗೋಡೆಗಳನ್ನು ಅವರು ಹತ್ತಿರದಿಂದ ಬಲ್ಲರು. ಹಾಸಿಗೆ ಹಿಡಿದ ತಾಯಿಯನ್ನು ಒಬ್ಬರೇ ನೋಡಿಕೊಂಡರು. ತಾಯಿ ತೀರಿಕೊಂಡ ಮೇಲೆ ಕನ್ನಡಿ ನೋಡಿದರೆ ಕಿವಿಯ ಪಕ್ಕ ಬೆಳ್ಳಗಿತ್ತು. "ಸುಣ್ಣ ಅಂದ್ಕೊಂಡಿದ್ದೆ. ತೊಳೆದ್ರೆ ಹೋಗ್ಲಿಲ್ಲ" ಎನ್ನುತ್ತಾರೆ, ನಗದೆ.

ಅವರಿಗಿದ್ದ ಒಂದೇ ಒಂದು ದುಶ್ಚಟ ನಿಜ ಹೇಳುವುದು. ಬಣ್ಣ ಒಣಗಿದೆಯಾ ಎಂದು ಗಿರಾಕಿ ಕೇಳಿದರೆ, ಒಣಗಿದ್ದರೆ ಮಾತ್ರ ಹೂಂ ಅನ್ನುತ್ತಾರೆ. ಈ ನೇರಳೆ ನಮ್ಮ ಹಾಲ್‌ಗೆ ಒಪ್ಪುತ್ತದಾ ಎಂದರೆ, ಇಲ್ಲ ಎಂದು ಹೇಳಿ, ಅದನ್ನೇ ಅಚ್ಚುಕಟ್ಟಾಗಿ ಬಳಿದು ಬರುತ್ತಾರೆ. ಯಥಾರ್ಥವಾದಿ ಲೋಕವಿರೋಧಿ ಎಂಬ ಮಾತನ್ನು ಯಾರೋ ಅವರನ್ನು ನೋಡಿಯೇ ಕಟ್ಟಿರಬೇಕು. ಅವರು ಕಳೆದುಕೊಂಡ ಗಿರಾಕಿಗಳನ್ನು ಒಟ್ಟುಗೂಡಿಸಿದರೆ ಇನ್ನೊಬ್ಬ ಪೇಂಟರ್ ಹೊಟ್ಟೆ ತುಂಬ ಉಂಡಾನು.

ಅಕ್ಕ ಕಣ್ಣಾಸ್ಪತ್ರೆಯಲ್ಲಿ ನರ್ಸು. ಅಲ್ಲಿನ ಕಾರಿಡಾರಿಗೆ ಭಾವ ತಿಳಿಹಸಿರು ಬಳಿಯುತ್ತಿದ್ದಾಗ ಅಕ್ಕ ಗೋಡೆಗೆ ಒರಗಿ ನಿಂತು ಫೋನಿನಲ್ಲಿ ಯಾರನ್ನೋ ತರಾಟೆಗೆ ತೆಗೆದುಕೊಳ್ಳುತ್ತಿದ್ದಳಂತೆ. "ಸಿಸ್ಟರ್, ಅದು ಇನ್ನೂ ಒಣಗಿಲ್ಲ" ಎಂದು ಏಣಿಯ ಮೇಲಿಂದ ದನಿ ಬಂತು. ಅಕ್ಕ ಫೋನಿನವರನ್ನು ಬಿಟ್ಟು ಇವರನ್ನು ಹಿಡಿದುಕೊಂಡಳು. ಮಾರನೆಯ ದಿನ ಅವರು ಟರ್ಪೆಂಟೈನ್ ಬಾಟಲಿ ತಂದು, ಅವಳ ಬಿಳಿ ಕೋಟನ್ನು ತಿಕ್ಕಿ, ಕಲೆ ಹೋಗಿಲ್ಲ, ಹೋಗುವುದೂ ಇಲ್ಲ ಎಂದು ಹೇಳಿ ವಾಪಸು ಕೊಟ್ಟರು. ಇದ್ದದ್ದನ್ನು ಇದ್ದ ಹಾಗೆ ಹೇಳುವ ಗಂಡಸನ್ನು ಅಕ್ಕ ಬಹಳ ವರ್ಷಗಳಿಂದ ನೋಡಿರಲಿಲ್ಲ. ಮದುವೆ ನೋಂದಣಿ ಕಚೇರಿಯಲ್ಲಿ ಆಯಿತು. ಸಾಕ್ಷಿಗೆ ನಾನು ಸಹಿ ಹಾಕಿದೆ, ಪೆನ್ನೂ ನನ್ನದೇ.

ಆ ಮದುವೆಗೆ ಬಾರದೆ ಕೋಣೆಯೊಳಗೆ ಕುಳಿತಿದ್ದವಳು ಅಕ್ಕನ ಮಗಳು. ಹದಿನಾರು ವರ್ಷ. ಮನೆಯಲ್ಲಿ ಎಲ್ಲರೂ ಮೆಣಸು ಎಂದೇ ಕರೆಯುವುದು. ಗಾತ್ರ ಸಣ್ಣದು, ಮಿಕ್ಕಿದ್ದು ಊಹಿಸಿಕೊಳ್ಳಬಹುದು. ಅವಳಿಗೆ ಪೇಂಟರ್ ಮೇಲೆ ದ್ವೇಷವೇನೂ ಇರಲಿಲ್ಲ. ದ್ವೇಷವಿದ್ದಿದ್ದರೆ ವಾಸಿಯಿತ್ತು. ಅವರ ಜೊತೆ ಮಾತಾಡುವ ಅಗತ್ಯ ಬಿದ್ದರೆ ಗಾಳಿಗೆ ವರದಿ ಒಪ್ಪಿಸುವಳು. "ಬಾಗಿಲ ಹತ್ರ ಯಾರದೋ ಡಬ್ಬ ಇದೆ." "ಅಮ್ಮ ಊಟಕ್ಕೆ ಕರೀತಿದಾಳೆ." ಯಾರನ್ನು ಎಂದು ಹೇಳುತ್ತಿರಲಿಲ್ಲ. ಭಾವ ಬಂದ ವರ್ಷವೇ ಮನೆಯ ಎಲ್ಲ ಕೋಣೆಗೂ ಬಣ್ಣವಾಯಿತು, ಅವಳದ್ದೊಂದು ಬಿಟ್ಟು.

"ಬೈದ್ರೂ ಪರವಾಗಿಲ್ಲ. ಬೈಗುಳಾನೂ ಮಾತೇ ತಾನೇ?" ಎಂದು ಅವರು ಒಂದು ದಿನ ನನ್ನ ಅಂಗಡಿಯಲ್ಲಿ ಕುಳಿತು ಹೇಳಿದರು. ನನ್ನದು ಕಂಪ್ಯೂಟರ್ ರಿಪೇರಿ ಅಂಗಡಿ, ಬೀಗ ಮಾಡುವವನಿಗೂ ಚಪ್ಪಲಿ ಹೊಲಿಯುವವನಿಗೂ ನಡುವೆ. ಅಲ್ಲಿಗೆ ಬರುವವರೆಲ್ಲ ಏನನ್ನೋ ಕೆಡಿಸಿಕೊಂಡೇ ಬರುವುದು. ಭಾವ ಮಾತ್ರ ಏನೂ ಕೆಡದೆ ಬಂದು, ಸ್ಟೂಲಿನ ಮೇಲೆ ಕುಳಿತು, ಕೈಯ ಮೇಲಿನ ಒಣಗಿದ ಬಣ್ಣದ ಚಕ್ಕೆಗಳನ್ನು ಒಂದೊಂದಾಗಿ ಕೀಳುತ್ತಿದ್ದರು. ನನಗೆ ಪಾಪ ಅನ್ನಿಸಿತು. ಪಾಪ ಅನ್ನಿಸಿದಾಗ ನನಗೆ ಸಿಟ್ಟು ಬರುತ್ತದೆ. "ಕಾಲ ಬೇಕು ಭಾವ, ಒಣಗ್ಲಿ ಬಿಡಿ" ಎಂದು ಗದರಿದೆ.

ಮೆಣಸಿಗೆ ಒಂದು ಆಟದ ಹುಚ್ಚು. ಕಂಪ್ಯೂಟರಿನಲ್ಲಿ ರಾಜ್ಯ ಆಳುವ ಆಟ. ಕೋಟೆ ಕಟ್ಟಬೇಕು, ತೆರಿಗೆ ಹಾಕಬೇಕು, ನೆರೆಯವರ ಮೇಲೆ ದಂಡೆತ್ತಿ ಹೋಗಬೇಕು, ರಾಣಿ ಸತ್ತರೆ ಅವಳ ಮಗಳಾಗಿ ಮುಂದುವರಿಯಬೇಕು. ಹತ್ತನೆಯ ವಯಸ್ಸಿನಲ್ಲಿ ಶುರು ಮಾಡಿದ ಒಂದೇ ಆಟವನ್ನು ಅವಳು ಸೇವ್ ಮಾಡುತ್ತ ಮಾಡುತ್ತ ಇಲ್ಲಿಯವರೆಗೆ ತಂದಿದ್ದಳು. ಆಟದೊಳಗೆ ತಲೆಮಾರುಗಳೇ ಉರುಳಿದ್ದವು. ನಿಜ ಜೀವನದಲ್ಲಿ ತನ್ನ ಹಾಸಿಗೆಯ ಹೊದಿಕೆ ಮಡಿಸದ ಹುಡುಗಿ ಅಲ್ಲಿ ಮೂರು ಸಮುದ್ರದ ದಂಡೆ ಆಳುತ್ತಿದ್ದಳು.

ಆ ಆಟಕ್ಕೆ ಮಾಡ್ ಎಂಬುವು ಇರುತ್ತವೆ. ಆಟ ಮಾಡಿದ ಕಂಪನಿಯವರದಲ್ಲ; ಆಡುವವರೇ ತಮಗೆ ಬೇಕಾದ ಹಾಗೆ ಮಾಡಿಕೊಂಡ ತುಂಡುಗಳು. ಒಬ್ಬ ಹೊಸ ಕುದುರೆ ಮಾಡುತ್ತಾನೆ, ಇನ್ನೊಬ್ಬ ಹೊಸ ನಕ್ಷೆ, ಮತ್ತೊಬ್ಬನಿಗೆ ರಾಜರ ಗಡ್ಡ ಸರಿಯಿಲ್ಲ ಅನ್ನಿಸುತ್ತದೆ. ಇವನ್ನೆಲ್ಲ ಒಂದು ಸಾಲಿನಲ್ಲಿ ಜೋಡಿಸಬೇಕು. ಆಟ ಶುರುವಾಗುವಾಗ ಮೇಲಿನಿಂದ ಒಂದೊಂದನ್ನೇ ಓದಿಕೊಂಡು ಬರುತ್ತದೆ. ಎರಡು ಮಾಡ್‌ಗಳು ಒಂದೇ ವಸ್ತುವಿಗೆ ಕೈ ಹಾಕಿದರೆ ನಂತರ ಬಂದದ್ದು ಗೆಲ್ಲುತ್ತದೆ. ಸಾಲು ತಪ್ಪಿದರೆ ಆಟ ಮಧ್ಯದಲ್ಲೇ ಕುಸಿದು ಬೀಳುತ್ತದೆ. ಮೆಣಸು ಸಿಕ್ಕಸಿಕ್ಕದ್ದನ್ನೆಲ್ಲ ತುಂಬಿಸಿದ್ದಳು. ಅವಳ ರಾಜ್ಯ ದಿನಕ್ಕೆರಡು ಬಾರಿ ಕುಸಿಯುತ್ತಿತ್ತು, ಪ್ರತಿ ಬಾರಿ ಬಾಗಿಲು ಧಡಾರನೆ ಬಡಿಯುತ್ತಿತ್ತು. ನನ್ನ ಹತ್ತಿರ ತಂದಾಗ ಎಲ್ಲ ಅಳಿಸಿ ಹೊಸದಾಗಿ ಹಾಕು ಎಂದೆ. "ನಿನ್ನ ತಲೆ ಅಳಿಸ್ಕೋ ಮಾಮ" ಎಂದು ಎದ್ದು ಹೋದಳು.

ಗಾಳಿಯಲ್ಲಿ ತೇವ ಹೆಚ್ಚಿದ್ದ ತಿಂಗಳುಗಳು ಅವು, ಬಣ್ಣದ ಕೆಲಸ ನಿಂತಿತ್ತು. ಭಾವ ನನ್ನನ್ನು ಕೇಳಿದರು, ಈ ಮಾಡ್ ಅಂದರೇನು ಎಂದು. ನಾನು ಹಾರ್ಡ್‌ಡಿಸ್ಕ್ ಬಿಚ್ಚುತ್ತ, ಅವರಿಗೆ ಅರ್ಥವಾಗಲಿ ಎಂದು, "ಗೋಡೆ ಮೇಲೆ ಕೋಟ್ ಇದ್ದ ಹಾಗೆ ಭಾವ, ಒಂದರ ಮೇಲೊಂದು" ಎಂದುಬಿಟ್ಟೆ. ಹಾಗೆ ಹೇಳಬಾರದಿತ್ತು.

ಅವರು ಕೀಳುತ್ತಿದ್ದ ಚಕ್ಕೆಯನ್ನು ಬಿಟ್ಟರು. "ಹಾಗಾದ್ರೆ ಮೊದಲು ಪ್ರೈಮರ್, ಆಮೇಲೆ ಪುಟ್ಟಿ, ಆಮೇಲೆ ಬಣ್ಣ. ಬಣ್ಣದ ಮೇಲೆ ಪ್ರೈಮರ್ ಬಳಿದ್ರೆ ಬೀಳದೆ ಇನ್ನೇನಾಗುತ್ತೆ?"

"ಹಾಗೇ" ಎಂದೆ.

ಆ ಸಂಜೆ ಆಟ ಕುಸಿದು ಬಾಗಿಲು ಬಡಿದಾಗ, ಭಾವ ಹೊರಗೆ ನಿಂತು, "ಕುದುರೆ ಮಾಡ್ ಮೇಲಿದೆಯೋ, ಕವಚದ ಮಾಡ್ ಮೇಲಿದೆಯೋ?" ಎಂದು ಕೇಳಿದರಂತೆ. ಆಮೇಲೆ ಬಾಗಿಲು ಒಂದು ಗೇಣು ತೆರೆಯಿತು. ಈ ಭಾಗವನ್ನು ಅಕ್ಕ ನನಗೆ ಫೋನ್ ಮಾಡಿ, ಯಾರಿಗೋ ಹೆರಿಗೆಯಾದ ಸುದ್ದಿ ಹೇಳುವ ದನಿಯಲ್ಲಿ ಹೇಳಿದಳು.

ಆ ಮೇಲಿನ ವಾರಗಳಲ್ಲಿ ನಾನು ಅಕ್ಕನ ಮನೆಗೆ ಹೋದಾಗಲೆಲ್ಲ ಅವರಿಬ್ಬರೂ ಪರದೆಯ ಮುಂದೆ. ಅವಳು ಕುರ್ಚಿಯ ಮೇಲೆ, ಇವರು ಪೇಂಟ್ ಡಬ್ಬ ಬೋರಲು ಹಾಕಿಕೊಂಡು ಅದರ ಮೇಲೆ. ಎಲ್ಲ ಮಾಡ್ ತೆಗೆದುಹಾಕಿ, ಅರ್ಧ ಹಾಕಿ, ಪರೀಕ್ಷೆಗೆಂದು ಒಂದು ಹೊಸ ಆಟ ಶುರು ಮಾಡುವುದು. ಕುಸಿಯದಿದ್ದರೆ ಉಳಿದ ಅರ್ಧದಲ್ಲಿ ಅರ್ಧ. ಎಲ್ಲಕ್ಕೂ ಆಧಾರವಾದವು ಮೇಲೆ, ನಕ್ಷೆ ಅದರ ಕೆಳಗೆ, ಆಮೇಲೆ ಸೈನ್ಯ, ಬಟ್ಟೆಬರೆ ಗಡ್ಡ ಮೀಸೆ ಎಲ್ಲಕ್ಕಿಂತ ಕೊನೆಗೆ. ಒಂದು ಸಲ ಕುದುರೆಗಳು ಮಾಯವಾಗಿ ಸೈನಿಕರೆಲ್ಲ ಗಾಳಿಯ ಮೇಲೆ ಕಾಲಗಲಿಸಿ ಕುಳಿತು ಯುದ್ಧಕ್ಕೆ ಹೋದರು, ಗೆದ್ದೂ ಬಂದರು. ಇನ್ನೊಂದು ಸಲ ನೆರೆರಾಜ್ಯದ ದೊರೆಗೆ ತಲೆಯೇ ಇರಲಿಲ್ಲ. ಇದು ಸರಿಮಾಡಬೇಕಾದ ತಪ್ಪೋ ಅಥವಾ ಆ ದೊರೆ ಇರುವುದೇ ಹಾಗೋ ಎಂದು ಇಬ್ಬರೂ ಗಂಭೀರವಾಗಿ ಚರ್ಚಿಸಿದರು.

ಅವಳು ಈಗಲೂ ಅವರನ್ನು ಏನೆಂದೂ ಕರೆಯುತ್ತಿರಲಿಲ್ಲ. ಆದರೆ "ನೀವು" ಎನ್ನುತ್ತಿದ್ದಳು. "ನೀವು ಇದನ್ನ ಯಾಕೆ ಇಲ್ಲಿ ಹಾಕಿದ್ರಿ?" ಎಂದು ಒಮ್ಮೆ ಜೋರಾಗಿಯೇ ಬೈದಳು. ಭಾವ ಮಾರನೆಯ ದಿನ ನನ್ನ ಅಂಗಡಿಗೆ ಬಂದು ಆ ಬೈಗುಳವನ್ನು ಪೂರ್ತಿ ನನಗೆ ಹೇಳಿ ತೋರಿಸಿದರು. ಅವರನ್ನು ಅಷ್ಟು ಖುಷಿಯಾಗಿ ನಾನು ನೋಡಿರಲಿಲ್ಲ.

ಎಲ್ಲ ಸರಿಹೋಯಿತು, ಒಂದನ್ನು ಬಿಟ್ಟು. ಆಗೊಮ್ಮೆ ಈಗೊಮ್ಮೆ ಆಟ ಇನ್ನೂ ಕುಸಿಯುತ್ತಿತ್ತು. ಸಾಲಿನ ಕಟ್ಟಕಡೆಯಲ್ಲಿ "ಹಳೇದು ಫೈನಲ್ ಎರಡು" ಎಂಬ ಹೆಸರಿನ ಒಂದು ಮಾಡ್ ಇತ್ತು. ಪಕ್ಕದಲ್ಲಿ ಕೆಂಪು ಗುರುತು: ಹಲವು ವರ್ಷಗಳಿಂದ ಯಾರೂ ಇದನ್ನು ಮುಟ್ಟಿಲ್ಲ, ಈಗಿನ ಆಟಕ್ಕೆ ಹೊಂದದು. ಭಾವ ಅದರ ಬಗ್ಗೆ ಕೇಳಿದಾಗಲೆಲ್ಲ ಮೆಣಸು "ಅದಿರ್ಲಿ" ಎಂದು ಮಾತು ಬದಲಿಸುತ್ತಿದ್ದಳು.

ಒಂದು ದಿನ ಅವಳು ಕಾಲೇಜಿಗೆ ಹೋಗಿದ್ದಾಗ ಭಾವ ಆಟ ತೆರೆದರು. ಸಂಜೆ ಬಂದಾಗ ಒಮ್ಮೆಯೂ ಕುಸಿಯದ ಆಟ ಅವಳ ಕೈಗಿಡಬೇಕು ಎಂಬುದಷ್ಟೇ ಅವರ ಆಸೆ. ಪೇಂಟರ್‌ಗಳ ಮೊದಲ ಪಾಠ ಒಂದಿದೆ: ಹೊಸ ಬಣ್ಣ ನಿಲ್ಲಬೇಕಾದರೆ ಸಡಿಲಾದ ಹಳೆಯ ಬಣ್ಣವನ್ನು ಕೆರೆದು ತೆಗೆಯಬೇಕು. ಭಾವ ಹಳೇದು ಫೈನಲ್ ಎರಡನ್ನು ಕೆರೆದರು. ಸಾಲಿನಿಂದ ತೆಗೆದು ಸುಮ್ಮನಾಗಲಿಲ್ಲ. ಫೋಲ್ಡರನ್ನೇ ಅಳಿಸಿದರು, ಕಸದ ಬುಟ್ಟಿಯನ್ನೂ ಬರಿದು ಮಾಡಿದರು. ಕೆಲಸ ಮುಗಿದ ಮೇಲೆ ಗಿರಾಕಿಯ ಮನೆಯಲ್ಲಿ ಕಸ ಬಿಟ್ಟು ಬರುವ ಪೈಕಿ ಅವರಲ್ಲ. ಆಮೇಲೆ ಹೊಸ ಆಟವೊಂದನ್ನು ಶುರು ಮಾಡಿ ಮಧ್ಯಾಹ್ನವಿಡೀ ಓಡಿಸಿ ನೋಡಿದರು. ಬಂಡೆಯ ಹಾಗೆ ನಿಂತಿತು. ಅವಳ ಹಳೆಯ ಆಟವನ್ನು ಮಾತ್ರ ತೆರೆದು ನೋಡಲಿಲ್ಲ, ಅದು ಅವಳದ್ದು ಎಂದು.

ಅಲ್ಲೇ ಇದ್ದದ್ದು ಎಡವಟ್ಟು. ಗೋಡೆಗೆ ನೆನಪಿಲ್ಲ, ಸೇವ್ ಮಾಡಿದ ಆಟಕ್ಕೆ ಇದೆ. ಯಾವ ಯಾವ ಮಾಡ್‌ನ ಯಾರು ಯಾರು ತನ್ನೊಳಗಿದ್ದಾರೆ ಎಂದು ಅದು ಗುರುತಿಟ್ಟುಕೊಂಡಿರುತ್ತದೆ. ನಡುವೆ ಒಂದನ್ನು ಕಿತ್ತರೆ ಅವರನ್ನು ಹುಡುಕುತ್ತ ಹೋಗಿ ಬಿದ್ದುಬಿಡುತ್ತದೆ. ಆಡುವವರಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು, ಆಡುತ್ತಿರುವ ಆಟದಿಂದ ಮಾಡ್ ಕೀಳಬಾರದು ಎಂದು. ಯಾರೂ ಹೇಳಿರಲಿಲ್ಲ, ಏಕೆಂದರೆ ಅವರು ಯಾರನ್ನೂ ಕೇಳಿರಲಿಲ್ಲ.

ಮೆಣಸು ಬಂದಳು, ಆಟ ತೆರೆದಳು. "ಏಳು ವ್ಯಕ್ತಿಗಳು ಪತ್ತೆಯಾಗಿಲ್ಲ" ಎಂಬರ್ಥದ ಸಾಲೊಂದು ಇಂಗ್ಲಿಷಿನಲ್ಲಿ ಮೂಡಿ ಪರದೆ ಕಪ್ಪಾಯಿತು. ಮತ್ತೆ ತೆರೆದಳು, ಮತ್ತೆ ಕಪ್ಪು. ನಾನು ಆಗ ತಾನೇ ಅಕ್ಕನ ಫ್ಯಾನ್ ರಿಪೇರಿಗೆಂದು ಬಂದಿದ್ದೆ. ಕಂಪ್ಯೂಟರ್ ರಿಪೇರಿಯವನಿಗೆ ಫ್ಯಾನೂ ಬರುತ್ತದೆ ಎಂಬುದು ನಮ್ಮ ಮನೆಯವರ ನಂಬಿಕೆ. ಭಾವನ ಮುಖ ನೋಡಿದ್ದೇ ಏನಾಗಿದೆಯೆಂದು ನನಗೆ ಹೊಳೆಯಿತು. ಅವರನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ, "ಅಪ್‌ಡೇಟ್ ಬಂತು, ಅದೇ ಅಳಿಸ್ತು ಅಂತ ಹೇಳಿ. ಎಲ್ಲರೂ ಹಾಗೇ ಹೇಳೋದು, ಎಲ್ಲರೂ ನಂಬ್ತಾರೆ" ಎಂದು ಪಿಸುಗುಟ್ಟಿದೆ.

ಭಾವ ತಲೆಯಾಡಿಸಿ ಕೋಣೆಗೆ ಹೋದರು. "ನಾನೇ ತೆಗೆದೆ" ಎಂದರು.

ಅವಳು ತಿರುಗಿ ನೋಡಿದಳು. "ಯಾವ್ದನ್ನ?"

"ಕೊನೇದನ್ನ. ಹಳೇದು. ಅದ್ರಿಂದಾನೇ ಬೀಳ್ತಿತ್ತು."

"ಅದು ಅಪ್ಪ ಮಾಡಿದ್ದು."

ಇದು ನನಗೂ ಗೊತ್ತಿರಲಿಲ್ಲ, ಅಕ್ಕನಿಗೂ ಗೊತ್ತಿರಲಿಲ್ಲ. ಹತ್ತು ವರ್ಷದವಳಾಗಿದ್ದಾಗ ಅವಳಿಗೆ ಆಟದ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಅದಕ್ಕೆ ಅವಳಪ್ಪ ಕನ್ನಡದಲ್ಲಿ ಮಾತಾಡುವ ಏಳು ಮಂತ್ರಿಗಳನ್ನು ಮಾಡಿ ಅವಳ ಆಸ್ಥಾನಕ್ಕೆ ಹಾಕಿದ್ದ. ಖಜಾನೆಯ ಮಂತ್ರಿ "ಮಹಾರಾಣಿ, ಹಾಸಿಗೆ ಇದ್ದಷ್ಟು ಕಾಲು ಚಾಚಿ" ಎನ್ನುವನು. ಉಗ್ರಾಣದವನು "ಒಳಗೆ ಇಲಿ ಬಿಟ್ಟರೆ ಇನ್ಯಾರೂ ಇಲ್ಲ" ಎನ್ನುವನು. ಯುದ್ಧದ ಮಂತ್ರಿ, ದಂಡು ಹೊರಡುವ ಮುಂಚೆ, "ಹೋಂವರ್ಕ್ ಆಯಿತಾ?" ಎಂದು ಕೇಳುವನು. ಅಪ್ಪ ಮನೆ ಬಿಟ್ಟು ಹೋದ. ಕಾಲೇಜು ಸೇರಿಸುವ ದಿನ ಬರುತ್ತೇನೆಂದು ಹೇಳಿ ಬರಲಿಲ್ಲ, ಅವತ್ತಿನಿಂದ ಅವಳು ಅವನ ಫೋನ್ ಎತ್ತುವುದನ್ನು ಬಿಟ್ಟಳು. ಏಳು ಮಂತ್ರಿಗಳು ಮಾತ್ರ ಅವಳ ಜೊತೆ ದಿನಾ ಮಾತಾಡುತ್ತಿದ್ದರು.

ಅಕ್ಕ ಬಾಗಿಲಲ್ಲಿ ಕೈಯಲ್ಲಿ ಸೌಟು ಹಿಡಿದು ನಿಂತಿದ್ದಳು. "ಆ ಮನುಷ್ಯ ಈ ಮನೇಲಿ ಕೂತು ಪೂರ್ತಿ ಮುಗಿಸಿದ ಕೆಲಸ ಅದೊಂದೇ ಇರ್ಬೇಕು ಕಣ್ರೀ. ಅದನ್ನೂ ಅಳಿಸಿಬಿಟ್ರಾ?" ಎಂದಳು. ಯಾರೂ ನಗಲಿಲ್ಲ.

ಮೆಣಸು ಕಿರುಚಲಿಲ್ಲ. "ಡಬ್ಬ ಹೊರಗಿದ್ರೆ ಒಳ್ಳೇದು" ಎಂದು ಗಾಳಿಗೆ ಹೇಳಿದಳು. ಭಾವ ತಾವು ಕೂರುತ್ತಿದ್ದ ಪೇಂಟ್ ಡಬ್ಬ ಎತ್ತಿಕೊಂಡು ಹೊರಗೆ ಬಂದರು. ಬಾಗಿಲು ಈ ಸಲ ಬಡಿಯಲಿಲ್ಲ, ಮೆಲ್ಲಗೆ ಮುಚ್ಚಿಕೊಂಡಿತು. ಬಡಿದಿದ್ದರೇ ಚೆನ್ನಾಗಿತ್ತು.

ನಾನು ನನ್ನ ವಿದ್ಯೆಯನ್ನೆಲ್ಲ ಖರ್ಚು ಮಾಡಿದೆ. ಅಳಿಸಿದ್ದನ್ನು ಮರಳಿ ತರುವ ಸಾಫ್ಟ್‌ವೇರ್ ಓಡಿಸಿದೆ. ಭಾವನ ಮಧ್ಯಾಹ್ನದ ಪರೀಕ್ಷೆ ಆ ಜಾಗದ ಮೇಲೆಲ್ಲ ಹೊಸದಾಗಿ ಬರೆದುಬಿಟ್ಟಿತ್ತು. ಕೊನೆಗೆ ವಾಪಸು ಬಂದದ್ದು ಒಂದೇ, ಅಕ್ಕ ಎಂದೋ ಅಳಿಸಿ ನಿಶ್ಚಿಂತೆಯಾಗಿದ್ದ ಮೊದಲ ಮದುವೆಯ ಫೋಟೋ. ಅದನ್ನು ನಾನು ಯಾರಿಗೂ ತೋರಿಸದೆ ಮತ್ತೆ ಅಳಿಸಿದೆ. ಇಂಟರ್ನೆಟ್ಟಿನಲ್ಲಿ ಆ ಮಾಡ್ ಇರಲಿಲ್ಲ. ಅವನು ಅದನ್ನು ಮಾಡಿದ್ದು ಒಬ್ಬಳಿಗಾಗಿ.

ಮೂರು ದಿನ ಭಾವ ಸರಿಯಾಗಿ ಊಟ ಮಾಡಲಿಲ್ಲ. ಭಾನುವಾರ ಬೆಳಿಗ್ಗೆ ಅಕ್ಕನ ಹತ್ತಿರ ಅವಳ ಮೊದಲ ಗಂಡನ ನಂಬರ್ ಕೇಳಿದರು. ಅಕ್ಕನ ಫೋನಿನಲ್ಲಿ ಅದು "ಎತ್ತಬೇಡ" ಎಂಬ ಹೆಸರಿನಲ್ಲಿತ್ತು. ಅವಳು ಗಂಡನ ಮುಖವನ್ನು ಒಂದು ಕ್ಷಣ ನೋಡಿ, ವಿಳಾಸವನ್ನೂ ಕೊಟ್ಟು, "ನನ್ನ ತಮ್ಮನ್ನೂ ಕರ್ಕೊಂಡು ಹೋಗಿ" ಎಂದಳು. ಹಾಗೆ ನಾನು ನನ್ನ ಹೊಸ ಭಾವನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹಳೆಯ ಭಾವನ ಮನೆಗೆ ಹೋದೆ. ಭಾವ ತಮ್ಮ ಕೆಲಸದ ಚೀಲವನ್ನೂ ತೊಡೆಯ ಮೇಲಿಟ್ಟುಕೊಂಡಿದ್ದರು. ಅದಿಲ್ಲದೆ ಅವರು ಎಲ್ಲಿಗೂ ಹೋಗುವವರಲ್ಲ.

ಟೈರ್ ಅಂಗಡಿಯ ಮಹಡಿಯ ಮೇಲೆ ಅವನದು ಒಂದೇ ಕೋಣೆ. ಅರ್ಧ ಮನೆ, ಅರ್ಧ ಕೆಲಸದ ಜಾಗ. ಮೇಜಿನ ತುಂಬ ಪ್ಲಾಸ್ಟರಿನ ದವಡೆಗಳು, ಕಪಾಟಿನಲ್ಲಿ ಸಾಲಾಗಿ ಹಲ್ಲಿನ ಸೆಟ್ಟುಗಳು, ಎಲ್ಲವೂ ನಮ್ಮನ್ನು ನೋಡಿ ನಗುತ್ತಿದ್ದವು. ಅವನು ನಗಲಿಲ್ಲ. ಬನಿಯನ್ನಿನ ಮೇಲೆ ಶರ್ಟು ಹಾಕಿಕೊಳ್ಳುತ್ತ, "ಏನಯ್ಯಾ, ಯಾರಿಗೇನಾಯ್ತು?" ಎಂದು ನನ್ನನ್ನು ಕೇಳಿದ.

ಭಾವನೇ ಮುಂದೆ ಬಂದರು. "ನಾನು ಪೇಂಟರ್. ನೀವು ಹುಡುಗಿಗೆ ಒಂದು ಮಾಡ್ ಮಾಡಿ ಕೊಟ್ಟಿದ್ರಲ್ಲ, ಏಳು ಮಂತ್ರಿಗಳದ್ದು. ನಾನು ಗೊತ್ತಿಲ್ದೆ ಅಳಿಸಿಬಿಟ್ಟೆ. ಅದು ಬೇಕಿತ್ತು."

ಅವನು ಶರ್ಟಿನ ಗುಂಡಿ ಹಾಕುವುದನ್ನು ನಿಲ್ಲಿಸಿದ. "ಅದನ್ನ ಇನ್ನೂ ಇಟ್ಕೊಂಡಿದ್ದಾಳಾ?"

"ಇಟ್ಕೊಂಡಿದ್ಲು. ನಾನು ಅಳಿಸೋ ತನಕ."

ಅವನು ಗುಂಡಿ ತಪ್ಪಾಗಿ ಹಾಕಿಕೊಂಡ. "ಎಲ್ಲೋ ಹಳೇ ಡಿಸ್ಕಲ್ಲಿರ್ಬೇಕು. ನಾಳೆ ಹುಡುಕಿ ಕಳಿಸ್ತೀನಿ" ಎಂದ. ನಾಳೆ ಎನ್ನುವುದರಲ್ಲಿ ಅವನು ನಿಸ್ಸೀಮ. ಅವನು ನಾಳೆಗೆಂದು ಇಟ್ಟದ್ದಕ್ಕೆಲ್ಲ ಅಕ್ಕ ಹದಿಮೂರು ವರ್ಷ ಕಾದಿದ್ದಳು. ನನ್ನ ನಾಲಿಗೆಯ ತುದಿಗೆ ಒಂದು ಮಾತು ಬಂದಿತ್ತು.

"ನಾವೂ ಗಿರಾಕಿಗಳಿಗೆ ನಾಳೆ ಅಂತಾನೇ ಹೇಳೋದು" ಎಂದರು ಭಾವ. "ಪರವಾಗಿಲ್ಲ, ಕಾಯ್ತೀವಿ." ಕುರ್ಚಿ ಒಂದೇ ಇತ್ತು. ಅವರು ನೆಲದ ಮೇಲೆ ಕುಳಿತರು. ನೆಲದ ಮೇಲೆ ಕುಳಿತವರನ್ನು ಎಬ್ಬಿಸಿ ಕಳಿಸುವುದು ಕಷ್ಟ. ಅವನು ನಿಟ್ಟುಸಿರುಬಿಟ್ಟು, ಮಂಚದ ಕೆಳಗಿನಿಂದ ಒಂದು ಟ್ರಂಕು ಎಳೆದ. ಅದರೊಳಗೆ ವೈರುಗಳ ಗೂಡಿನಲ್ಲಿ ಸತ್ತ ಹಾರ್ಡ್‌ಡಿಸ್ಕುಗಳು ಬಿದ್ದಿದ್ದವು. ನಾನು ನನ್ನ ಪಾಡಿಗೆ ಒಂದೊಂದನ್ನೇ ಜೋಡಿಸಿ ಕೊಡತೊಡಗಿದೆ.

ಭಾವನ ಕಣ್ಣು ಮಂಚದ ಹಿಂದಿನ ಗೋಡೆಯ ಮೇಲೆ. ತೇವ ಹಿಡಿದು, ಬಣ್ಣ ಉಬ್ಬಿ, ಮುಟ್ಟಿದರೆ ಉದುರುವ ಹಾಗಿತ್ತು. ಅವರು ತಡೆದುಕೊಳ್ಳಲು ನೋಡಿದರು. ಅರ್ಧ ಗಂಟೆ ತಡೆದುಕೊಂಡರು. ಆಮೇಲೆ, "ಕೆರೀಲಾ?" ಎಂದರು.

"ಏನಾದ್ರೂ ಮಾಡ್ಕೊಳ್ಳಿ" ಎಂದ ಅವನು, ಪರದೆಯಿಂದ ಕಣ್ಣು ತೆಗೆಯದೆ.

"ಹಾಗಲ್ಲ. ಬೇಕಾದ್ದೇನಾದ್ರೂ ಇದೆಯಾ ಇದರ ಮೇಲೆ?"

ಅವನು ತಿರುಗಿ, ಇದೇನು ಪ್ರಶ್ನೆ ಎಂಬಂತೆ ಗೋಡೆಯನ್ನು ನೋಡಿದ. "ಇಲ್ಲ" ಎಂದ. ಭಾವ ಮಂಚ ಸರಿಸಿ, ಚೀಲದಿಂದ ಕೆರೆಯುವ ತಗಡು ತೆಗೆದರು.

ಮಧ್ಯಾಹ್ನ ಕಳೆಯಿತು. ಒಬ್ಬರು ಕೆರೆಯುತ್ತಿದ್ದರು, ಒಬ್ಬ ಹುಡುಕುತ್ತಿದ್ದ, ಹಲ್ಲುಗಳು ನಗುತ್ತಿದ್ದವು. ಊಟದ ಮಾತು ಯಾರೂ ಎತ್ತಲಿಲ್ಲ, ನನಗೆ ಮಾತ್ರ ಹೊಟ್ಟೆ ಚುರುಗುಟ್ಟುತ್ತಿತ್ತು. ಐದೋ ಆರೋ ಡಿಸ್ಕುಗಳಾದ ಮೇಲೆ ಅವನು ಒಮ್ಮೆಲೇ ಸ್ತಬ್ಧನಾದ. ಸಿಕ್ಕಿತ್ತು. ಫೋಲ್ಡರ್ ತೆರೆದು ಮಂತ್ರಿಗಳ ಮಾತುಗಳನ್ನು ಒಂದೊಂದಾಗಿ ಓದಿಕೊಂಡ. ಒಂದು ಕಡೆ ಮೂಗಿನಲ್ಲೇ ನಕ್ಕ. ಇನ್ನೊಂದು ಕಡೆ ಬಹಳ ಹೊತ್ತು ನಿಂತ. ಕೊನೆಗೆ ಪೆನ್‌ಡ್ರೈವಿಗೆ ಹಾಕಿ ಭಾವನ ಕೈಗಿಟ್ಟ.

"ಯಾವ ವರ್ಷನ್‌ನಲ್ಲಿ ಆಡ್ತಾಳೆ?" ಎಂದು ಕೇಳಿದ.

ನಾನು ಹೇಳಿದೆ.

"ಅದ್ರಲ್ಲಿ ಇದು ಬೀಳುತ್ತಲ್ಲ?"

"ಬೀಳುತ್ತೆ. ಆದ್ರೂ ತೆಗೆದಿರ್ಲಿಲ್ಲ" ಎಂದರು ಭಾವ.

ಈಗ ಕೇಳುತ್ತಾನೆ, ಈಗ ಕೇಳುತ್ತಾನೆ ಎಂದು ನಾನು ಕಾದೆ. ಹೇಗಿದ್ದಾಳೆ, ಎಷ್ಟುದ್ದ ಆಗಿದ್ದಾಳೆ, ಏನು ಓದುತ್ತಿದ್ದಾಳೆ, ಯಾವುದಾದರೂ ಒಂದು. ಅವನು ಬಾಯಿ ತೆರೆದ. "ಕೆಳಗಿನ ಮೆಟ್ಟಿಲು ಅಲ್ಲಾಡುತ್ತೆ, ನೋಡ್ಕೊಂಡು ಇಳೀರಿ" ಎಂದ. ಭಾವ ಗೋಡೆ ತೋರಿಸಿ, ಚೀಲದಲ್ಲಿದ್ದ ಪ್ರೈಮರ್ ಬಳಿದಿದ್ದೇನೆ, ಚೆನ್ನಾಗಿ ಒಣಗಲಿ, ಮುಂದಿನ ಭಾನುವಾರ ಬಂದು ಬಣ್ಣ ಹಾಕುತ್ತೇನೆ ಎಂದರು. ಬೇಡ ಎಂದು ಅವನು ಹೇಳಲಿಲ್ಲ. ದಾರಿಯುದ್ದಕ್ಕೂ ನಾನು ಅವನನ್ನು ಬೈಯುತ್ತ ಸ್ಕೂಟರ್ ಓಡಿಸಿದೆ.

ಮನೆಗೆ ಬಂದು ಭಾವ ಪೆನ್‌ಡ್ರೈವನ್ನು ಮೆಣಸಿನ ಬಾಗಿಲ ಮುಂದೆ ಹಿಡಿದು ನಿಂತರು. ಅವಳು ಬಾಗಿಲು ತೆರೆದು ನೋಡಿ, ಏನೆಂದು ಕೇಳದೆ ತೆಗೆದುಕೊಂಡಳು. ಬಾಗಿಲು ಮುಚ್ಚಲಿಲ್ಲ. ಭಾವ ಹೊಸ್ತಿಲ ಹೊರಗೆ, ನಾನು ಅವರ ಹಿಂದೆ, ಅಕ್ಕ ನನ್ನ ಹಿಂದೆ.

ಅವಳು ಮಾಡನ್ನು ಹಾಕಿ, ಎಂದಿನಂತೆ ಸಾಲಿನ ಕೊನೆಗೆ ಎಳೆದಳು. ಆಟ ತೆರೆಯಿತು. ಖಜಾನೆಯ ಮಂತ್ರಿ ಬಂದು ಹಾಸಿಗೆಯ ಮಾತು ಹೇಳಿದ. ಅವಳ ಹೆಗಲು ಇಳಿಯಿತು. ಸ್ವಲ್ಪ ಹೊತ್ತಿಗೆ ದಂಡು ಹೊರಟಿತು, ಆಟ ಕುಸಿಯಿತು.

"ಬೀಳ್ಲಿ ಬಿಡಿ" ಎಂದಳು, ಪರದೆಗೆ.

"ಒಂದು ಮಾತು ಹೇಳ್ಲಾ?" ಎಂದರು ಭಾವ ಹೊಸ್ತಿಲಿಂದಲೇ. "ಕೊನೇಲಿದ್ರೆ ಅದು ಎಲ್ಲರ ಮೇಲೂ ಬಂದು ಕೂರುತ್ತೆ. ಮಂತ್ರಿಗಳ ಜೊತೆ ಅದರೊಳಗೆ ಹಳೇ ಸೈನ್ಯಾನೂ ಇದೆ, ಹೊಸ ಸೈನ್ಯಾನ ಅದು ಮುಚ್ಚುತ್ತೆ, ಅದಕ್ಕೇ ಬೀಳೋದು. ನಾನು ಅದನ್ನ ಕಿತ್ತಿದ್ದು ತಪ್ಪಮ್ಮ. ಕೀಳೋದಲ್ಲ, ಸಾಲಿನ ತುದಿಗೆ ತಗೊಂಡು ಹೋಗ್ಬೇಕಿತ್ತು. ಎಲ್ಲಕ್ಕಿಂತ ಮೊದಲು ಹಾಕಿ ನೋಡು. ಮಿಕ್ಕಿದ್ದೆಲ್ಲ ಕೋಟ್ ಬಳಿದ ಹಾಗೆ ಅದರ ಮೇಲೆ ಬರ್ಲಿ."

"ಆಗ ಮಂತ್ರಿಗಳು ಮುಚ್ಚಿಹೋಗಲ್ವಾ?"

"ಬೇರೆ ಯಾವ ಮಾಡಲ್ಲೂ ಕನ್ನಡ ಮಾತಾಡೋ ಮಂತ್ರಿಗಳಿಲ್ವಲ್ಲ. ಅವರನ್ನ ಯಾರು ಮುಚ್ತಾರೆ?"

ಅವಳು ಅಪ್ಪನ ಮಾಡನ್ನು ಹಿಡಿದು ಒಂದೊಂದೇ ಸಾಲು ದಾಟಿಸುತ್ತ ಮೇಲಕ್ಕೆ ಎಳೆದು, ತುದಿಯಲ್ಲಿ ಬಿಟ್ಟಳು. ಆಟ ತೆರೆದಳು. ಯುದ್ಧದ ಮಂತ್ರಿ ಹೋಂವರ್ಕ್ ಕೇಳಿದ. ದಂಡು ಹೊರಟಿತು, ನದಿ ದಾಟಿತು, ಕೋಟೆಗೆ ಮುತ್ತಿಗೆ ಹಾಕಿತು. ನಾವೆಲ್ಲ ನಿಂತೇ ನೋಡಿದೆವು. ಕೋಟೆ ಬಿತ್ತು, ಆಟ ಬೀಳಲಿಲ್ಲ. ಹಿಂದೆ ನಿಂತಿದ್ದ ಅಕ್ಕ ಮೂಗು ಒರೆಸಿಕೊಂಡಳು, ಆಸ್ಪತ್ರೆಯ ನೆಗಡಿ ಎಂದಳು.

ಮೆಣಸು ತಿರುಗಲಿಲ್ಲ. ಪರದೆಯನ್ನು ನೋಡುತ್ತಲೇ, "ಅಪ್ಪ ನನ್ನ ಬಗ್ಗೆ ಏನಾದ್ರೂ ಕೇಳಿದ್ರಾ?" ಎಂದಳು.

ಕೇಳಿದ, ಬಹಳ ಕೇಳಿದ ಎಂದು ಹೇಳಲು ನಾನು ಬಾಯಿ ತೆರೆದೇಬಿಟ್ಟಿದ್ದೆ. ಅಂಥ ಜಾಗದಲ್ಲಿ ಒಂದು ಸುಳ್ಳಿಗೆ ಯಾವ ಪಾಪವೂ ಅಂಟುವುದಿಲ್ಲ. ಭಾವ ನನಗಿಂತ ಮೊದಲು ಮಾತಾಡಿದರು.

"ಕೇಳ್ಲಿಲ್ಲ" ಎಂದರು.

ಅವಳ ಕೈ ಮೌಸಿನ ಮೇಲೆ ನಿಂತಿತು. ಅಕ್ಕ ನನ್ನ ತೋಳನ್ನು ಹಿಡಿದು ಉಗುರು ಊರಿದಳು.

"ಆದ್ರೆ ಹುಡುಕಿದ್ರು" ಎಂದರು ಭಾವ. "ಬೆಳಿಗ್ಗೆಯಿಂದ ಸಂಜೆ ತನಕ, ಎದ್ದೇಳದೆ. ಊಟಾನೂ ಮಾಡ್ಲಿಲ್ಲ. ಸಿಕ್ಕಿದ ಮೇಲೆ ಎಲ್ಲಾ ಮಂತ್ರಿಗಳ ಮಾತನ್ನೂ ಒಂದೂ ಬಿಡದೆ ಓದಿದ್ರು. ನಾನು ನೋಡಿದ್ದು ಇಷ್ಟೇ."

ಪರದೆಯ ಮೇಲೆ ಗೆದ್ದ ಸೈನಿಕರು ಏನು ಮಾಡುವುದೆಂದು ತಿಳಿಯದೆ ಕೋಟೆಯ ಮುಂದೆ ನಿಂತಿದ್ದರು. ಆಮೇಲೆ ಅವಳು ಅಂಗೈಯಿಂದ ಎರಡೂ ಕಣ್ಣನ್ನು ಒರೆಸಿಕೊಂಡು, ಕುರ್ಚಿಯನ್ನು ಪೂರ್ತಿ ಈ ಕಡೆಗೆ ತಿರುಗಿಸಿ, ಭಾವನನ್ನು ನೋಡಿದಳು. ಅವರ ಶರ್ಟಿನ ತೋಳಿನ ಮೇಲೆಲ್ಲ ಬಿಳಿಯ ಹುಡಿ.

"ಅಲ್ಲಿ ಏನ್ ಮಾಡ್ತಿದ್ರಿ ನೀವು?"

"ಅವರ ಗೋಡೆ ಕೆಟ್ಟಿತ್ತು. ಕೇಳೇ ಕೆರೆದೆ. ಬಣ್ಣಕ್ಕೆ ಮುಂದಿನ ಭಾನುವಾರ ಹೋಗ್ಬೇಕು."

"ನಾನೂ ಬರ್ತೀನಿ" ಎಂದಳು. ಕೂಡಲೇ, ಯಾರೋ ಅಡ್ಡ ಹಾಕಿದಂತೆ, "ಮಾತಾಡೋಕೇನಲ್ಲ. ಸುಮ್ನೆ ಬರ್ತೀನಿ" ಎಂದಳು.

ಭಾವ ನನ್ನನ್ನು ನೋಡಲಿಲ್ಲ, ಅಕ್ಕನನ್ನೂ ನೋಡಲಿಲ್ಲ.

"ಹಳೇ ಬಟ್ಟೆ ಹಾಕ್ಕೊಂಡು ಬಾ" ಎಂದರು.